ಫುಲ್ ಟೈಟ್ ಸಾರ್!

ನಿಮ್ಮ ಕಾರಿನ ಚಕ್ರದ ನಟ್ಟನ್ನ ಎಷ್ಟು ಬಿಗಿ ಮಾಡಬೇಕು ಅಂತ ನಿಮಗೆ ಗೊತ್ತಾ? ಗೂಗಲ್ ಮಾಡಬೇಡಿ, ಹಾಗೇ ಹೇಳಿ. ಮೈಲೇಜ್ ಗೊತ್ತು, ಟಚ್ ಸ್ಕ್ರೀನ್ ಎಷ್ಟು ಇಂಚು ಅಂತ ಗೊತ್ತು, ಸನ್‌ರೂಫ್ ಇರೋ ವೇರಿಯಂಟಿಗೆ ಎಷ್ಟು ಜಾಸ್ತಿ ಕೊಡಬೇಕು ಅಂತಲೂ ಗೊತ್ತು. ಇಎಂಐ ಯಾವ ತಾರೀಕು ಕಟ್ ಆಗುತ್ತೆ ಅನ್ನೋದನ್ನಂತೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳ್ತೀರಿ. ಮೊನ್ನೆ ನಮ್ಮ ಟೀಮಿನಲ್ಲಿ ಹನ್ನೊಂದು ಜನರನ್ನ ಈ ಪ್ರಶ್ನೆ ಕೇಳಿದೆ. ಅದರಲ್ಲಿ ಒಂಬತ್ತು ಜನರ ಹತ್ತಿರ ಕಾರಿದೆ, ಎಂಟು ಜನ ಇಂಜಿನಿಯರಿಂಗ್ ಓದಿದವರು. ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬ ಮಾತ್ರ ತುಂಬಾ ಆತ್ಮವಿಶ್ವಾಸದಿಂದ ಹೇಳಿದ: "ಫುಲ್ ಟೈಟ್."

ಈ ಫುಲ್ ಟೈಟ್ ಮೇಲೇ ನನ್ನ ಜಗಳ.

ನನಗೂ ಗೊತ್ತಿರಲಿಲ್ಲ ಅನ್ನೋದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ. ಕಳೆದ ವರ್ಷ ಹಬ್ಬಕ್ಕೆ ಊರಿಗೆ ಹೊರಡೋ ಹಿಂದಿನ ದಿನ ಕಾರಿಗೆ ಹೊಸ ಟಯರ್ ಹಾಕಿಸಿದೆ. ಬೆಂಗಳೂರಿನ ದೊಡ್ಡ ಅಂಗಡಿ. ಗಾಜಿನ ಗೋಡೆ, ಏಸಿ ಲಾಂಜು, ಬಟನ್ ಒತ್ತಿದರೆ ಕಾಫಿ ಸುರಿಯೋ ಮಷೀನು. ಗಾಜಿನ ಆಚೆ ಒಬ್ಬ ಹುಡುಗ ಏರ್ ಗನ್ ಹಿಡಿದು ಟ್ರ್ರ್ರ್, ಟ್ರ್ರ್ರ್ ಅಂತ ಒಂದೊಂದು ಚಕ್ರಕ್ಕೂ ಹತ್ತು ಸೆಕೆಂಡಿನಲ್ಲಿ ನಟ್ಟು ಹಾಕ್ತಾ ಇದ್ದ. ನೋಡೋಕೆ ಒಂಥರಾ ಖುಷಿ. ಆಚೆ ಬಂದು ಕೇಳಿದೆ, "ಸರಿಯಾಗಿ ಕೂತಿದೆಯೇನಪ್ಪಾ?" "ಫುಲ್ ಟೈಟ್ ಸಾರ್." ಮನೆ ಮುಟ್ಟೋ ಅಷ್ಟರಲ್ಲಿ ಮೊಬೈಲಿಗೆ ಫೀಡ್‌ಬ್ಯಾಕ್ ಲಿಂಕ್ ಬಂತು. ಐದು ಸ್ಟಾರ್ ಕೊಟ್ಟೆ. ನಿಜ ಹೇಳಬೇಕು ಅಂದರೆ ಕಾಫಿಗೆ ಕೊಟ್ಟಿದ್ದು ಅದು.

ನಮ್ಮೂರು ಕುದೇರು, ಚಾಮರಾಜನಗರ ತಾಲ್ಲೂಕು. ಹಾಲಿನ ಡೈರಿ ಇರೋ ಊರು ಅಂದರೆ ಆ ಕಡೆಯವರಿಗೆ ತಕ್ಷಣ ಗೊತ್ತಾಗುತ್ತೆ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ದಾಟಿ ಸಂತೇಮರಹಳ್ಳಿಗೆ ಬಂದು ಅಲ್ಲಿಂದ ತಿರುಗಿಕೋಬೇಕು. ಹಿಂದಿನ ಸೀಟಿನಲ್ಲಿ ಅವ್ವ, ಅವಳ ತೊಡೆ ಮೇಲೆ ತಲೆಯಿಟ್ಟು ನನ್ನ ಮಗಳು. ಕೊಳ್ಳೇಗಾಲ ದಾಟಿದ ಮೇಲೆ ಹಿಂದೆ ಎಡಗಡೆಯಿಂದ ಟಕ್, ಟಕ್ ಅಂತ ಸಣ್ಣ ಸದ್ದು. ರೋಡು ಸರಿ ಇಲ್ಲ ಅಂದುಕೊಂಡು ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದೆ. ಯಳಂದೂರು ಬಿಟ್ಟ ಮೇಲೆ ಅವ್ವ ಅಂದಳು, "ಗಾಡಿ ಯಾಕೋ ಸದ್ದ ಮಾಡ್ತ ಅದ ಕನ ಮಗ, ನಿಲ್ಸಿ ನೋಡಬಾರ್ದಾ?" "ಏನಿಲ್ಲ ಸುಮ್ನಿರವ್ವ, ಹೊಸ ಟಯರು, ಹಂಗೇ ಇರ್ತದೆ." ಹೊಸ ಟಯರು ಹಂಗೇ ಇರ್ತದೆ ಅಂತ ಯಾರು ಹೇಳಿದ್ದರೋ ನನಗೆ! ಆದರೂ ಅವ್ವ ಬಿಡಲಿಲ್ಲ. ಸಂತೇಮರಹಳ್ಳಿ ಸೇರೋ ಹೊತ್ತಿಗೆ ಸ್ಟೇರಿಂಗೂ ಅದುರೋಕೆ ಶುರುವಾಗಿತ್ತು. ಟ್ರ್ಯಾಕ್ಟರ್ ರಿಪೇರಿ ಮಾಡೋ ಒಬ್ಬ ಹಿರಿಯರ ಶೆಡ್ಡಿನ ಮುಂದೆ ನಿಲ್ಲಿಸಿದೆ.

ಅವರು ಸ್ಪ್ಯಾನರ್ ತರಲೇ ಇಲ್ಲ. ಬಗ್ಗಿ ಕೂತು ಕೈಯಲ್ಲೇ ಒಂದು ನಟ್ಟನ್ನ ತಿರುಗಿಸಿದರು. ಬಂತು. ಇನ್ನೊಂದು, ಅದೂ ಬಂತು. ಮೂರನೆಯದು ಸ್ವಲ್ಪ ಹಿಡಿದಿತ್ತು. ನಾಲ್ಕನೆಯದು ಇರಲೇ ಇಲ್ಲ, ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು.

"ಯಾರಪ್ಪ ಇದ ಹಾಕ್ದೋರು?"

"ಬೆಂಗ್ಳೂರಲ್ಲಿ ಹಾಕಿಸ್ದೆ. ದೊಡ್ಡ ಅಂಗಡೀಲಿ."

"ಅಂಗ್ಡಿ ದೊಡ್ಡದೇ ಇದ್ದದು ಬುಡು. ಇಲ್ ನೋಡು."

ಚಕ್ರ ಕಳಚಿ ತೋರಿಸಿದರು. ಹಬ್ಬಿನ ಮೇಲೆ ದಪ್ಪಕ್ಕೆ ತುಕ್ಕು, ಒಣಗಿದ ಮಣ್ಣು. ಯಾರೂ ಉಜ್ಜಿರಲಿಲ್ಲ. ಅದರ ಮೇಲೇ ಚಕ್ರ ಕೂರಿಸಿ ಗನ್ ಹಿಡಿದಿದ್ದಾರೆ. ಆ ಕ್ಷಣಕ್ಕೆ ಬಿಗಿಯಾಗಿಯೇ ಇತ್ತೇನೋ. ಗಾಡಿ ಓಡಿದ ಹಾಗೆ ತುಕ್ಕು ಪುಡಿಯಾಗಿದೆ, ಪುಡಿಯಾದಷ್ಟು ಸಂದು ಬಿಟ್ಟಿದೆ, ನಟ್ಟು ಸಡಿಲವಾಗಿದೆ. ಉಳಿದ ಮೂರು ಚಕ್ರಾನೂ ನೋಡಿಯೇ ಕಳಿಸೋದು ಅಂತ ಹಠ ಹಿಡಿದರು. ಬಲಗಡೆ ಮುಂದಿನ ಚಕ್ರದ ನಟ್ಟು ಅಲ್ಲಾಡಲಿಲ್ಲ. ಸ್ಪ್ಯಾನರಿಗೆ ಪೈಪು ತೂರಿಸಿ ಇಬ್ಬರು ಒತ್ತಿದರು. ಟಪ್ ಅಂತ ಸ್ಟಡ್ಡೇ ಮುರಿದುಕೊಂಡು ಬಂತು.

ಸ್ವಲ್ಪ ಇಲ್ಲಿ ನಿಲ್ಲಿ. ಒಂದೇ ಕಾರು, ಒಂದೇ ಗನ್ನು, ಒಂದೇ ಹುಡುಗ, ಒಂದೇ ಮಧ್ಯಾಹ್ನ. ಒಂದು ಚಕ್ರದ ನಟ್ಟು ಬೆರಳಲ್ಲಿ ಬಿಚ್ಚುತ್ತೆ, ಇನ್ನೊಂದರದ್ದು ಬಿಚ್ಚೋಕೆ ಹೋದರೆ ಸ್ಟಡ್ಡು ಮುರಿಯುತ್ತೆ. ಎರಡಕ್ಕೂ ಹುಡುಗ ಹೇಳಿದ್ದು ಒಂದೇ ಮಾತು, ಫುಲ್ ಟೈಟ್. ಅವನು ಸುಳ್ಳು ಹೇಳಲಿಲ್ಲ. ಅವನ ಹತ್ತಿರ ಅಳತೆ ಅನ್ನೋದೇ ಇರಲಿಲ್ಲ, ಅಷ್ಟೆ.

ಈಗ ಸ್ವಲ್ಪ ಬಿ.ಇ. ಪಾಠ. ಕಂಪ್ಯೂಟರ್ ಸೈನ್ಸ್‌ನವರೂ ಮೊದಲ ವರ್ಷ ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್ ಬರೆದು ಪಾಸಾದವರೇ, ಹಾಗಾಗಿ ಓಡಿಹೋಗಬೇಡಿ. ಚಕ್ರ ಸ್ಟಡ್ಡುಗಳ ಮೇಲೆ ನೇತಾಡ್ತಾ ಇರುತ್ತೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ, ಮೊಳೆಗೆ ಕ್ಯಾಲೆಂಡರ್ ನೇತು ಹಾಕಿದ ಹಾಗೆ. ಹಾಗಿಲ್ಲ. ಚಕ್ರದ ಮುಖ ಹಬ್ಬಿನ ಮುಖಕ್ಕೆ ಒತ್ತಿಕೊಂಡಿರುತ್ತಲ್ಲ, ಆ ಒತ್ತಡದಿಂದ ಹುಟ್ಟೋ ಘರ್ಷಣೆಯೇ ಚಕ್ರವನ್ನ ಹಿಡಿದಿರೋದು. ಸ್ಟಡ್ಡಿನ ಕೆಲಸ ಒತ್ತೋದು. ನಟ್ಟು ಬಿಗಿ ಮಾಡಿದಾಗ ಸ್ಟಡ್ಡು ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುತ್ತೆ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇರೋದಿಲ್ಲ ಆ ಹಿಗ್ಗು. ಆದರೆ ವಾಪಸ್ ಕುಗ್ಗೋಕೆ ಅದು ಎಳೆಯೋ ಎಳೆತ ಎಷ್ಟು ಗೊತ್ತಾ? ಹನ್ನೆರಡು ಮಿಲಿಮೀಟರ್ ದಪ್ಪದ ಸ್ಟಡ್ಡಿನ ನಟ್ಟನ್ನ 100 ನ್ಯೂಟನ್ ಮೀಟರಿಗೆ ಬಿಗಿ ಮಾಡಿದರೆ ಸುಮಾರು ನಾಲ್ಕು ಟನ್. ಚಕ್ರಕ್ಕೆ ನಾಲ್ಕು ಸ್ಟಡ್ಡು ಅಂದರೆ ಹದಿನಾರು ಟನ್. ಇಡೀ ಕಾರಿನ ತೂಕ ಒಂದು ಟನ್ ಇರಬಹುದು.

ಇಷ್ಟೂ ಕೆಲಸ ನಡೆಯೋದು ಆ ಹಿಗ್ಗಿನಿಂದ. ಕಡಿಮೆ ಹಿಗ್ಗಿಸಿದರೆ ಒತ್ತಡ ಸಾಲದೆ ಚಕ್ರ ಹಬ್ಬಿನ ಮೇಲೆ ಕೂದಲೆಳೆಯಷ್ಟು ಅಡ್ಡಡ್ಡ ಜರುಗೋಕೆ ಶುರು ಮಾಡುತ್ತೆ. ಗೆರ್ಹಾರ್ಡ್ ಯುಂಕರ್ ಅನ್ನೋ ಜರ್ಮನ್ ಇಂಜಿನಿಯರ್ 1969ರಲ್ಲೇ ತೋರಿಸಿಕೊಟ್ಟಿದ್ದಾನೆ, ಹೀಗೆ ಅಡ್ಡಡ್ಡ ಅಲುಗಾಡಿಸಿದರೆ ನಟ್ಟು ಯಾರೂ ಮುಟ್ಟದೆ ತಾನಾಗೇ ಬಿಚ್ಚಿಕೊಳ್ಳುತ್ತೆ ಅಂತ. ಜಾಸ್ತಿ ಹಿಗ್ಗಿಸಿದರೆ? ಸ್ಟಡ್ಡು ಒಂದು ಮಿತಿ ದಾಟಿ ಶಾಶ್ವತವಾಗಿ ಉದ್ದ ಆಗಿಬಿಡುತ್ತೆ, ಹಳೇ ಚಡ್ಡಿಯ ಎಲಾಸ್ಟಿಕ್ ಥರ. ಆಮೇಲೆ ಅದು ಎಳೆಯಲ್ಲ. ಒಂದು ದಿನ ಗುಂಡಿಗೆ ಬಿದ್ದಾಗ ಮುರಿಯುತ್ತೆ, ಇಲ್ಲಾ ಪೈಪು ತೂರಿಸಿದಾಗ ಮುರಿಯುತ್ತೆ. ನನ್ನದು ಪೈಪಿಗೆ ಮುರೀತು, ಪುಣ್ಯ.

ಸಣ್ಣ ಕಾರುಗಳಿಗೆ ಈ ಸಂಖ್ಯೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ಒಳಗೆ ಇರುತ್ತೆ. ನಿಮ್ಮ ಕಾರಿನದು ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇಟ್ಟಿರೋ ಪುಸ್ತಕದಲ್ಲಿ ಇದೆ. ಏರ್ ಗನ್ನುಗಳ ತಾಕತ್ತು 500 ದಾಟೋದು ಮಾಮೂಲಿ. ನೂರು ಬೇಕಾದ ಕಡೆ ಐನೂರರ ಸಾಧನ ಕೊಟ್ಟು, ಎಷ್ಟು ಸೆಕೆಂಡ್ ಒತ್ತಬೇಕು ಅನ್ನೋದನ್ನ ಹುಡುಗನ ಬೆರಳಿಗೆ ಬಿಟ್ಟಿದ್ದೀವಿ.

ಹಾಗಂತ "ಹಳ್ಳಿ ಕೈಕೆಲಸವೇ ಶ್ರೇಷ್ಠ" ಅಂತ ಭಜನೆ ಮಾಡೋಕೆ ನಾನು ಬಂದಿಲ್ಲ. ನಮ್ಮ ಕಡೆ ನಟ್ಟು ಬಿಗಿ ಮಾಡೋ ವಿಧಾನ ನೋಡಿದ್ದೀರಾ? ಸ್ಪ್ಯಾನರ್ ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತು ಕುಣಿಯೋದು. ಎಪ್ಪತ್ತು ಕೆ.ಜಿ. ಮನುಷ್ಯ ಮೂವತ್ತು ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ ಸುಮ್ಮನೆ ನಿಂತರೇ 200 ನ್ಯೂಟನ್ ಮೀಟರ್ ಆಯ್ತು. ಕುಣಿದರೆ ಲೆಕ್ಕ ನೀವೇ ಹಾಕಿ. ಅಪ್ಪ ಇನ್ನೊಂದು ಮಾಡೋರು. ತುಕ್ಕು ಹಿಡಿಯದೇ ಇರಲಿ ಅಂತ ಸ್ಟಡ್ಡಿನ ತಿರುವಿಗೆ ವೇಸ್ಟ್ ಆಯಿಲ್ ಸವರೋರು. ಒಳ್ಳೆ ಉದ್ದೇಶವೇ. ಆದರೆ ನಟ್ಟು ತಿರುಗಿಸುವಾಗ ನಾವು ಹಾಕೋ ಶಕ್ತಿಯಲ್ಲಿ ಸುಮಾರು ನೂರಕ್ಕೆ ತೊಂಬತ್ತು ಭಾಗ ಘರ್ಷಣೆಗೇ ಹೋಗುತ್ತೆ, ಹತ್ತು ಭಾಗ ಮಾತ್ರ ಸ್ಟಡ್ಡು ಹಿಗ್ಗಿಸೋದು. ಎಣ್ಣೆ ಹಾಕಿ ಘರ್ಷಣೆ ತಗ್ಗಿಸಿದರೆ ಅದೇ 100ಕ್ಕೆ ನಾಲ್ಕು ಟನ್ ಬದಲು ಐದೂವರೆ ಟನ್ ಬೀಳಬಹುದು. ಪುಸ್ತಕದ ಸಂಖ್ಯೆ ಒಣಗಿದ, ಚೊಕ್ಕಟವಾದ ತಿರುವಿಗೆ ಬರೆದದ್ದು.

ತಾತ ಇದ್ದಿದ್ದರೆ ಅಪ್ಪನಿಗೆ ಬೈಯ್ಯೋರೇನೋ. ನಮ್ಮನೆ ಎತ್ತಿನ ಗಾಡಿ ನನಗೆ ಇನ್ನೂ ನೆನಪಿದೆ. ಸಂತೆಗೆ ಹೊರಡೋ ಮುಂಚೆ ತಾತ ಅಚ್ಚಿಗೆ ಕೀಲೆಣ್ಣೆ ಬಿಡೋರು. ಆಮೇಲೆ ಎರಡೂ ಗಾಲಿಯ ಕಡಾಣಿಯನ್ನ ಕೈಯಲ್ಲಿ ಮುಟ್ಟಿ, ಅಲ್ಲಾಡಿಸಿ ನೋಡೋರು. ಯಾವತ್ತೂ ತಪ್ಪಿಸಿದ್ದಿಲ್ಲ. ಎಣ್ಣೆ ಅಚ್ಚಿಗೆ, ಅಲ್ಲಿ ತಿರುಗಬೇಕು. ಕಡಾಣಿಗೆ ಎಣ್ಣೆ ಇಲ್ಲ, ಅದು ಹಿಡಿದಿರಬೇಕು. ಜೇಡರ ದಾಸಿಮಯ್ಯ ಕಡೆಗೀಲಿನ ಮೇಲೇ ಒಂದು ವಚನ ಹೇಳಿದ್ದಾನೆ ಅಂದರೆ ಇದು ಸಾವಿರ ವರ್ಷದ ಹಿಂದಿನವರಿಗೂ ಗೊತ್ತಿದ್ದ ವಿಷಯ. ಎರಡೇ ಎರಡು ತಲೆಮಾರಿನಲ್ಲಿ, ಗಾಡಿಯ ವೇಗ ಗಂಟೆಗೆ ನಾಲ್ಕು ಕಿಲೋಮೀಟರಿಂದ ನೂರಕ್ಕೆ ಏರಿದ ಮೇಲೆ, ನಾವು ಮುಟ್ಟಿ ನೋಡೋದನ್ನ ಬಿಟ್ಟುಬಿಟ್ಟಿದ್ದೀವಿ.

ಇದನ್ನೆಲ್ಲ ಆಫೀಸಿನಲ್ಲಿ ಹೇಳಿದಾಗ ಬಂದ ಉತ್ತರಗಳು ಕೇಳಿ.

"ಹದಿನೈದು ವರ್ಷದಿಂದ ಓಡಿಸ್ತಿದ್ದೀನಿ ಗುರು, ಏನೂ ಆಗಿಲ್ಲ." ಇದೇ ಮನುಷ್ಯ ನನ್ನ ಕೋಡ್ ರಿವ್ಯೂನಲ್ಲಿ "ನನ್ನ ಮಷೀನಲ್ಲಿ ವರ್ಕ್ ಆಗ್ತಿದೆ" ಅಂದಿದ್ದಕ್ಕೆ ನಲವತ್ತು ನಿಮಿಷ ಪಾಠ ಮಾಡಿದ್ದ. ಬಟನ್ನಿನ ಬಣ್ಣ ಬದಲಾಯಿಸೋಕೆ ನಮ್ಮಲ್ಲಿ ಇಬ್ಬರ ಅಪ್ರೂವಲ್ ಬೇಕು. ಮಗಳು ಕೂರೋ ಕಾರಿನ ಚಕ್ರಕ್ಕೆ ಒಬ್ಬ ಹುಡುಗನ ಬಾಯಿಮಾತು ಸಾಕು.

"ಅದು ಮೆಕ್ಯಾನಿಕ್ ಕೆಲಸ, ನಮ್ಮದಲ್ಲ." ಸರಿ. ಹಾಗಾದರೆ ಆ ಮೆಕ್ಯಾನಿಕ್ಕಿಗೆ ಅಳೆಯೋ ಸಾಧನ ಯಾರು ಕೊಡಬೇಕು? ಟಾರ್ಕ್ ರೆಂಚ್ ಅಂತ ಬರುತ್ತೆ, ಬೇಕಾದ ಸಂಖ್ಯೆಗೆ ಸೆಟ್ ಮಾಡಿ ಒತ್ತಿದರೆ ಅಷ್ಟಾದ ಕೂಡಲೇ ಟಿಕ್ ಅನ್ನುತ್ತೆ. ಮೂರು ನಾಲ್ಕು ಸಾವಿರಕ್ಕೆ ಸಾಧಾರಣದ್ದು ಸಿಗುತ್ತೆ. ಲಾಂಜಿನ ಒಂದು ಸೋಫಾದ ಕಾಲಿನ ಬೆಲೆ. ಸೋಫಾ ಇದೆ, ರೆಂಚ್ ಇಲ್ಲ. ಯಾಕೆ ಅಂದರೆ ನಾವು ಸ್ಟಾರ್ ಕೊಡೋದು ಸೋಫಾಕ್ಕೆ. ಮಾಲೀಕನಿಗೆ ಬೈಯ್ಯೋ ಹಕ್ಕು ನಮಗೆ ಎಷ್ಟಿದೆಯೋ ಅವನಿಗೆ ಈ ಪಾಠ ಕಲಿಸಿದ ತಪ್ಪೂ ಅಷ್ಟೇ ಇದೆ. ಹುಡುಗನನ್ನಂತೂ ಬಿಟ್ಟುಬಿಡಿ. ದಿನಕ್ಕೆ ಇಷ್ಟು ಗಾಡಿ ಮುಗಿಸು ಅಂತ ಟಾರ್ಗೆಟ್ ಕೊಟ್ಟಿರೋರು ಅವನಿಗೆ ಹಬ್ಬು ಉಜ್ಜೋಕೆ ಎರಡು ನಿಮಿಷ ಕೊಟ್ಟಿಲ್ಲ.

"ದೊಡ್ಡ ಸರ್ವಿಸ್ ಸೆಂಟರಲ್ಲಿ ಟಾರ್ಕ್ ರೆಂಚಿನಲ್ಲೇ ಚೆಕ್ ಮಾಡ್ತಾರೆ, ನಾನೇ ನೋಡಿದ್ದೀನಿ." ನಾನೂ ನೋಡಿದ್ದೀನಿ ಸ್ವಾಮಿ, ಅದೇ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸೋದು. ಮೊದಲು ಗನ್ನಿನಲ್ಲಿ ಮುನ್ನೂರಕ್ಕೆ ಬಿಗಿಯೋದು. ಆಮೇಲೆ ಗಿರಾಕಿ ಮುಂದೆ ರೆಂಚ್ ತಂದು ನೂರಕ್ಕೆ ಸೆಟ್ ಮಾಡಿ ಟಿಕ್, ಟಿಕ್, ಟಿಕ್ ಅನ್ನಿಸೋದು. ಮುನ್ನೂರಕ್ಕೆ ಬಿಗಿದ ನಟ್ಟು ನೂರಕ್ಕೆ ಟಿಕ್ ಅನ್ನದೇ ಇನ್ನೇನು ಮಾಡುತ್ತೆ? ಕಡಿಮೆ ಆಗಿದ್ದರೆ ಮಾತ್ರ ರೆಂಚ್ ಕಂಡುಹಿಡಿಯುತ್ತೆ, ಜಾಸ್ತಿ ಆಗಿದ್ದನ್ನ ಹೇಳಲ್ಲ. ಇದು ಕೋಡಿಗೆ ತಕ್ಕ ಹಾಗೆ ಆಮೇಲೆ ಟೆಸ್ಟ್ ಬರೆದು ಎಲ್ಲಾ ಹಸಿರು ತೋರಿಸೋ ನಾಟಕ, ನಮಗೆ ಚೆನ್ನಾಗಿ ಗೊತ್ತಿರೋ ನಾಟಕವೇ.

ನನ್ನ ಅಂಗಡಿಗೂ ಫೋನ್ ಮಾಡಿದ್ದೆ. ಬಹಳ ವಿನಯದಿಂದ ಮಾತಾಡಿದರು. "ಸಿಸ್ಟಮಲ್ಲಿ ವೀಲ್ ಟೈಟನಿಂಗ್ ಡನ್ ಅಂತ ತೋರಿಸ್ತಿದೆ ಸಾರ್. ನೀವೇ ಫೈವ್ ಸ್ಟಾರ್ ಕೂಡ ಕೊಟ್ಟಿದ್ದೀರಲ್ಲ."

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ 1990ರ ದಶಕದ ನಡುವೆ ಲಾರಿಗಳಿಂದ ಕಳಚಿದ ಚಕ್ರಗಳು ಬೇರೆ ಕಾರಿನವರಿಗೆ ಬಡಿದು ಜನ ಸತ್ತರು. 1997ರಲ್ಲಿ ಅವರು ಒಂದು ಕಾನೂನು ತಂದರು. ವಾಣಿಜ್ಯ ವಾಹನದ ಚಕ್ರ ರಸ್ತೆಯಲ್ಲಿ ಕಳಚಿದರೆ ಅದೇ ಅಪರಾಧ. "ನಾವು ಎಲ್ಲಾ ಎಚ್ಚರಿಕೆ ತಗೊಂಡಿದ್ವಿ" ಅನ್ನೋ ವಾದಕ್ಕೆ ಅಲ್ಲಿ ಜಾಗವೇ ಇಲ್ಲ. ದಂಡ 50,000 ಡಾಲರ್ ತನಕ. "ಸಿಸ್ಟಮಲ್ಲಿ ಡನ್ ಅಂತ ತೋರಿಸ್ತಿದೆ" ಅನ್ನೋರಿಗೆ ಇದಕ್ಕಿಂತ ಸರಿಯಾದ ಉತ್ತರ ನನಗಂತೂ ಹೊಳೀತಾ ಇಲ್ಲ. ಇಂಗ್ಲೆಂಡಿನ ಲಾರಿಗಳಲ್ಲಿ ನಟ್ಟುಗಳ ಮೇಲೆ ಬಾಣದ ಆಕಾರದ ಹಳದಿ ಪ್ಲಾಸ್ಟಿಕ್ ತುಂಡು ಸಿಕ್ಕಿಸಿರ್ತಾರೆ. ನಟ್ಟು ತಿರುಗಿದರೆ ಬಾಣ ದಿಕ್ಕು ತಪ್ಪಿ ದೂರದಿಂದಲೇ ಕಾಣುತ್ತೆ. ಸಂತೇಮರಹಳ್ಳಿಯ ಹಿರಿಯರು ಅದನ್ನ ಖರ್ಚಿಲ್ಲದೆ ಮಾಡಿದರು. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಚಕ್ರದ ತನಕ ಬಿಳಿ ಪೇಂಟಿನಲ್ಲಿ ಒಂದೊಂದು ಗೀಟು. ಗೀಟು ತುಂಡಾದರೆ ನಟ್ಟು ಜರುಗಿದೆ ಅಂತ ಲೆಕ್ಕ.

ವೀಕೆಂಡಿಗೆ ಊಟಿಗೋ ವಯನಾಡಿಗೋ ಅಂತ ನಮ್ಮ ಗುಂಡ್ಲುಪೇಟೆ ಮೇಲೆ ಹಾಯ್ದು ಹೋಗ್ತೀರಲ್ಲ, ನಿಮಗೆ ಇನ್ನೊಂದು ಮಾತು. ಅತಿ ಬಿಗಿಯ ನಿಜವಾದ ಬೆಲೆ ಗೊತ್ತಾಗೋದು ಪಂಚರ್ ಆದಾಗ. ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರುತ್ತೆ. ಹಗಲಲ್ಲೂ ಕಾಡೊಳಗೆ ಗಾಡಿ ನಿಲ್ಲಿಸಿ ಇಳಿಯೋ ಹಾಗಿಲ್ಲ. ಅಂಥಾ ಕಡೆ ಎಂಟೂವರೆಗೆ ಟಯರ್ ಹೋಯ್ತು ಅಂದುಕೊಳ್ಳಿ. ಡಿಕ್ಕಿಯಲ್ಲಿ ಕಾರಿನ ಜೊತೆ ಕೊಟ್ಟ ಗೇಣುದ್ದದ ಸ್ಪ್ಯಾನರ್. ಗನ್ನಿನಲ್ಲಿ ಹಾಕಿದ ನಟ್ಟನ್ನ ಅದರಲ್ಲಿ ಬಿಚ್ಚಿ ತೋರಿಸಿ, ಆನೆ ಬರೋದರೊಳಗೆ.

ಮಾಡಬೇಕಾದ್ದು ಅಂಥಾ ದೊಡ್ಡದೇನಲ್ಲ. ಹಬ್ಬು, ಚಕ್ರದ ಹಿಂಬದಿ ಎರಡನ್ನೂ ವೈರ್ ಬ್ರಷ್ಷಿನಲ್ಲಿ ಉಜ್ಜಿಸಿ. ನಟ್ಟುಗಳನ್ನ ಮೊದಲು ಕೈಯಲ್ಲೇ ತಿರುವು ಹಿಡಿಸಲಿ. ಒಂದಾದ ಮೇಲೆ ಪಕ್ಕದ್ದಕ್ಕೆ ಹೋಗೋದು ಬೇಡ, ಎದುರಿನದಕ್ಕೆ ಹೋಗಲಿ, ಇಲ್ಲದಿದ್ದರೆ ಚಕ್ರ ಒಂದು ಕಡೆ ಓರೆಯಾಗಿ ಕೂರುತ್ತೆ. ಕೊನೆಯ ಬಿಗಿ ಜಾಕಿ ಇಳಿಸಿದ ಮೇಲೆ, ಟಾರ್ಕ್ ರೆಂಚಿನಲ್ಲಿ, ಒಂದು ಟಿಕ್ ಸಾಕು. ಮೂರು ಸಲ ಟಿಕ್ ಅನ್ನಿಸಿದರೆ ಮತ್ತೆ ಫುಲ್ ಟೈಟ್ ಕಥೆಯೇ. ಆಮೇಲೆ ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು, ಯಾಕೆಂದರೆ ಹೊಸದಾಗಿ ಕೂತ ಚಕ್ರ ಸ್ವಲ್ಪ ಇಳಿದು ಕೂರುತ್ತೆ. ಬೆಂಗಳೂರಿಂದ ಮದ್ದೂರು ಸರಿಯಾಗಿ ಆ ಅಳತೆಗೇ ಇದೆ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮದ್ದೂರಿಗೆ ಇಳಿಯೋರು ಕಡಿಮೆ ಆಗಿದ್ದಾರಂತೆ. ಇಳೀರಿ. ವಡೆ ಬರೋ ಹೊತ್ತಿಗೆ ಚಕ್ರ ಆರಿರುತ್ತೆ, ಹದಿನಾರು ನಟ್ಟು ನೋಡೋಕೆ ಐದು ನಿಮಿಷ.

ಆವತ್ತು ಕಾರನ್ನ ಸಂತೇಮರಹಳ್ಳಿಯಲ್ಲೇ ಬಿಟ್ಟು ಆಟೋದಲ್ಲಿ ಊರಿಗೆ ಹೋದೆವು. ಮಾರನೇ ದಿನ ಚಾಮರಾಜನಗರದಿಂದ ಸ್ಟಡ್ಡು, ನಟ್ಟು ತಂದುಕೊಟ್ಟೆ. ಅವ್ವ ಈ ವಿಷಯಕ್ಕೆ ಒಂದು ಮಾತೂ ಆಡಲಿಲ್ಲ, ಆಟೋದಲ್ಲಿ ದಾರಿಯುದ್ದಕ್ಕೂ ಮಗೂನ ಎರಡೂ ಕೈಯಲ್ಲಿ ತಬ್ಬಿಕೊಂಡೇ ಕೂತಿದ್ದಳು.

ಹೋದ ತಿಂಗಳು ವೀಲ್ ಅಲೈನ್‌ಮೆಂಟಿಗೆ ಬೇರೆ ಅಂಗಡಿಗೆ ಹೋದೆ, ನನ್ನ ರೆಂಚ್ ತಗೊಂಡು. ಗನ್ ಬೇಡ, ಇದರಲ್ಲಿ ಮಾಡು ಅಂದೆ. ಮ್ಯಾನೇಜರ್ ಓಡಿ ಬಂದು ಹೊರಗಿನ ಟೂಲ್ ಬಳಸೋ ಪಾಲಿಸಿ ಇಲ್ಲ ಅಂದ. ಪಾಲಿಸಿ ತೋರಿಸು ಅಂದೆ, ಒಳಗೆ ಹೋದ. ಹುಡುಗ ರೆಂಚ್ ಕೈಗೆ ತಗೊಂಡು ತಿರುಗಿಸಿ ನೋಡಿ, ಒಂದು ನಟ್ಟಿಗೆ ಹಾಕಿ ಒತ್ತಿದ. ಟಿಕ್. ಅವನ ಮುಖ ಅರಳಿತು.

"ಇಷ್ಟೇನಾ ಸಾರ್? ಇಷ್ಟು ಸಾಕಾ?"

"ಇಷ್ಟೇ."

"ಎಷ್ಟು ಸಾರ್ ಇದಕ್ಕೆ?"

ಹೇಳಿದೆ. ಅವನು ನೇತು ಹಾಕಿದ್ದ ಗನ್ನಿನ ಕಡೆ ಒಮ್ಮೆ ನೋಡಿದ. "ಅದಕ್ಕೆ ಇದರ ಎರಡರಷ್ಟು ಸಾರ್" ಅಂದು ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಒಳಗಿಂದ ಮ್ಯಾನೇಜರ್ ಕೂಗಿದ, "ಬೇಗ ಮುಗಿಸೋ, ಇನ್ನೂ ಆರು ಗಾಡಿ ಕಾಯ್ತಿವೆ."